ಡಿಸಾರ್ಮ್ ಆಗಿದ್ದಲ್ಲ, ಮಾಡಿದ್ದು

ಕಳೆದ ಅಪ್ರೈಸಲ್‌ನಲ್ಲಿ ನಮ್ಮ ಮ್ಯಾನೇಜರ್ ನನ್ನ ಬಗ್ಗೆ ಒಂದು ಸಾಲು ಬರೆದಿದ್ದರು. ನನ್ನ ನಗು 'ಡಿಸಾರ್ಮಿಂಗ್' ಅಂತೆ. ಓದಿ ಖುಷಿಯಾಯ್ತು. ರೇಟಿಂಗ್ ಮಾತ್ರ ಹೋದ ವರ್ಷದ್ದೇ. ಯಾಕೆ ಸಾರ್ ಅಂತ ಕೇಳಲು ಹೋದೆ. ಅವರು ಹೆಗಲ ಮೇಲೆ ಕೈ ಹಾಕಿ, ನಕ್ಕು, ಕಾಫಿ ಕುಡಿಸಿದರು. ಏನೂ ಕೇಳದೆ ವಾಪಸ್ ಬಂದು ಸೀಟಲ್ಲಿ ಕೂತಾಗ ಹೊಳೆಯಿತು: ಡಿಸಾರ್ಮ್ ಆದವನು ನಾನೇ!

ಆವತ್ತೇ ಡಿಕ್ಷನರಿ ತೆಗೆದೆ. ಈ ಪದದೊಳಗಿನ 'ಆರ್ಮ್' ನಮ್ಮ ತೋಳಲ್ಲ. ತೋಳಿನ ಆರ್ಮ್ ಇಂಗ್ಲಿಷಿನದೇ ಹಳೇ ಪದ. ಇದು ಲ್ಯಾಟಿನ್ನಿನ 'ಆರ್ಮಾ', ಅಂದ್ರೆ ಆಯುಧಗಳು. ಅದರ ಹಿಂದೆ 'ಇಲ್ಲವಾಗಿಸು' ಅನ್ನೋ ಅರ್ಥದ 'ಡಿಸ್' ಸೇರಿಕೊಂಡು, ಹಳೇ ಫ್ರೆಂಚ್ ಮೂಲಕ 14ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿಗೆ ಬಂತು. ಆರ್ಮಿ, ಆರ್ಮರ್ ಎಲ್ಲ ಅದೇ ಮನೆಯವು. ಬೆಳಗ್ಗೆ ನಿಮ್ಮನ್ನು ಎಬ್ಬಿಸೋ ಅಲಾರಂ ಕೂಡ 'ಆಯುಧ ಹಿಡೀರಿ' ಅನ್ನೋ ಇಟಾಲಿಯನ್ ಕೂಗಿನಿಂದ ಹುಟ್ಟಿದ್ದು.

ಹುಟ್ಟಿನ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರೋದು ಅರ್ಥದ ಬಗ್ಗೆ. ನಾನಾಗಿಯೇ ಕತ್ತಿ ಕೆಳಗಿಟ್ಟರೂ ಡಿಸಾರ್ಮ್, ನೀವು ನನ್ನ ಕತ್ತಿ ಕಿತ್ತುಕೊಂಡರೂ ಡಿಸಾರ್ಮ್. ಇವೆರಡೂ ಒಂದೇನಾ? 1987ರಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ ಎರಡೂ ಸಹಿ ಹಾಕಿ, ಮಧ್ಯಮ ದೂರದ ಕ್ಷಿಪಣಿಗಳನ್ನು ನಾಶ ಮಾಡಲು ಒಪ್ಪಿದವು. ಅದು ಕೆಳಗಿಡೋದು. 1878ರಲ್ಲಿ ಬ್ರಿಟಿಷರು ಇಲ್ಲಿ ಆರ್ಮ್ಸ್ ಆ್ಯಕ್ಟ್ ತಂದರು. ಭಾರತೀಯರಿಗೆ ಲೈಸೆನ್ಸ್ ಬೇಕು, ಯುರೋಪಿಯನ್ನರಿಗೆ ವಿನಾಯಿತಿ. ಇದು ಕಸಿದುಕೊಳ್ಳೋದು. ಇಂಗ್ಲಿಷಿನ ಒಂದೇ ಕ್ರಿಯಾಪದ ಎರಡಕ್ಕೂ ಹೊಂದಿಕೊಳ್ಳುತ್ತೆ, ಮಾಡಿದವನು ಆರಾಮಾಗಿ ಮರೆಯಾಗ್ತಾನೆ.

ನಾನು ಮುಧೋಳದ ಕಡೆಯವನು. ಹಲಗಲಿ ಅಲ್ಲೇ ಹತ್ತಿರ. 1857ರಲ್ಲಿ ಆಯುಧ ಒಪ್ಪಿಸಿ ಅಂತ ಕಂಪನಿ ಸರ್ಕಾರ ಹುಕುಂ ಹೊರಡಿಸಿದಾಗ ಅಲ್ಲಿನ ಬೇಡರು ಒಪ್ಪಲಿಲ್ಲ. ಬೇಟೆ ಅವರ ಹೊಟ್ಟೆಪಾಡು, ಹತಾರ ಅವರ ಮಾನ. ಬ್ರಿಟಿಷ್ ಸೈನ್ಯ ಊರಿಗೆ ಬೆಂಕಿ ಇಟ್ಟಿತು. 19 ಜನರನ್ನು ಗಲ್ಲಿಗೇರಿಸಿದರು. ಇಂಗ್ಲಿಷ್ ಕಾಗದದಲ್ಲಿ ಇಡೀ ಕಥೆ 'ಡಿಸಾರ್ಮಿಂಗ್' ಅನ್ನೋ ಒಂದು ಪದದಲ್ಲಿ ಮುಗಿದುಹೋಗುತ್ತೆ. ನಮ್ಮೂರ ಅಜ್ಜಂದಿರು ಮಾತ್ರ ಇವತ್ತಿಗೂ 'ಹತಾರ ಕಸಗೊಳ್ಳಾಕ ಬಂದ್ರು' ಅಂತಾರೆ. ಕಸಗೊಳ್ಳಾಕ ಅಂದ ಕೂಡಲೇ 'ಯಾರು?' ಅನ್ನೋ ಪ್ರಶ್ನೆ ತಾನಾಗೇ ಏಳುತ್ತೆ.

ಇಂಥ ಮಾತು ಕೈಯಲ್ಲಿರುವಾಗ ನಾವು ಮಾಡಿದ್ದೇನು? 'ನಿಶ್ಶಸ್ತ್ರೀಕರಣ' ಅಂತ ಒಂದು ಪದ ಕಟ್ಟಿ ಪಠ್ಯಪುಸ್ತಕಕ್ಕೆ ಹಾಕಿದೆವು. ನಾಲಿಗೆ ಹೊರಳಲ್ಲ ಅನ್ನೋದು ಸಣ್ಣ ದೂರು. ಯಾರು, ಯಾರಿಂದ ಅನ್ನೋದನ್ನು ಇಂಗ್ಲಿಷಿನಷ್ಟೇ ಚೆನ್ನಾಗಿ ಇದೂ ಮುಚ್ಚಿಡುತ್ತೆ ಅನ್ನೋದು ದೊಡ್ಡ ದೂರು. ಕೆಳಗಿಟ್ಟರು, ಒಪ್ಪಿಸಿದರು, ಕಸಿದುಕೊಂಡರು. ಮೂರು ಬೇರೆ ಬೇರೆ ಸತ್ಯಗಳಿಗೆ ಮೂರು ಕನ್ನಡ ಪದಗಳಿವೆ. ಇದನ್ನು ಬಡತನ ಅಂತೀರಾ?

ಕನ್ನಡದಲ್ಲಿ ಟೆಕ್ನಿಕಲ್ ಪದಗಳಿಲ್ಲ ಅನ್ನೋ ಗೆಳೆಯರಿಗೆ ಒಂದು ಮಾತು. ಕೋಡ್‌ನಲ್ಲಿ ಒಂದೇ ಫಂಕ್ಷನ್ ಎರಡು ತದ್ವಿರುದ್ಧ ಕೆಲಸ ಮಾಡಿದರೆ ರಿವ್ಯೂನಲ್ಲಿ ನೀವೇ ವಾಪಸ್ ಕಳಿಸ್ತೀರಿ. ಭಾಷೆಯಲ್ಲಿ ಹಾಗಾದಾಗ ಮಾತ್ರ 'ಆಹಾ, ಎಷ್ಟು ಶ್ರೀಮಂತ!' ಅಂತೀರಿ.

ನಗುವಿನಿಂದ ಡಿಸಾರ್ಮ್ ಮಾಡೋದು ಬೆಂಕಿ ಇಟ್ಟು ಮಾಡೋದಕ್ಕಿಂತ ಎಷ್ಟೋ ವಾಸಿ, ಒಪ್ತೀನಿ. ಆದರೆ ಎರಡರಲ್ಲೂ ಕೊನೆಗೆ ಖಾಲಿಯಾಗೋದು ಎದುರಿನವನ ಕೈ. ನನ್ನ ಕೈಯಲ್ಲಿದ್ದದ್ದು ಒಂದೇ ಒಂದು ಪ್ರಶ್ನೆ, ಅದನ್ನೂ ಬಿಟ್ಟುಬಂದೆ. ಮುಂದಿನ ಅಪ್ರೈಸಲ್‌ಗೆ ಚೀಟಿಯಲ್ಲಿ ಬರೆದುಕೊಂಡು ಹೋಗ್ತೀನಿ. ಮೊದಲು ಪ್ರಶ್ನೆ. ಕಾಫಿ ಆಮೇಲೆ.