ಆತಕೂರಿನ ಕಾಳಿಯೂ ಹೆಸರಿಲ್ಲದ ಇಲಿಗಳೂ

ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಕ್ರಿ.ಶ. 949-50ರದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನು ಗಂಗರ ಬೂತುಗನಿಂದ ಬೇಡಿ ಪಡೆದದ್ದು ಕಾಳಿಯೆಂಬ ನಾಯಿಯನ್ನು. ಬೆಳತೂರಿನ ಬೆಟ್ಟದಲ್ಲಿ ಕಾಳಿಯೂ ಹಂದಿಯೂ ಹೋರಾಡಿ ಸತ್ತಾಗ ಅವನು ಚಲ್ಲೇಶ್ವರನ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟನು. ಬೇಟೆ ಹಿಂಸೆಯೇ, ಅದರಲ್ಲಿ ಸಂಶಯವಿಲ್ಲ. ಆದರೂ ತನ್ನ ಕಾರಣದಿಂದ ಸತ್ತ ಪ್ರಾಣಿಯ ಹೆಸರು, ಸ್ಥಳ, ಸಾವಿನ ಬಗೆ ಇವು ಮೂರನ್ನೂ ಆ ಬೇಟೆಗಾರ ಬರೆಯಿಸಿದನು.

ಇಂದಿನ ಪ್ರಯೋಗಶಾಲೆಗಳಲ್ಲಿ ಗಿಡಮೂಲಿಕೆಯ ಸಾರವನ್ನು ಇಲಿಗಳಿಗೆ ಕುಡಿಸಿ ಅವುಗಳ ವರ್ತನೆಯನ್ನು ಅಳೆಯಲಾಗುತ್ತದೆ. ತೆರೆದ ಅಂಕಣದಲ್ಲಿ ಎಷ್ಟು ಓಡಾಡಿತು, ತಿರುಗುವ ಸರಳಿನ ಮೇಲೆ ಎಷ್ಟು ಹೊತ್ತು ನಿಂತಿತು ಎಂಬ ಲೆಕ್ಕ ಉಳಿಯುತ್ತದೆ, ಇಲಿ ಉಳಿಯುವುದಿಲ್ಲ.

ಈ ಪರೀಕ್ಷೆಯೇ ವ್ಯರ್ಥವೆನ್ನುವುದು ಅಪ್ರಾಮಾಣಿಕ. ರುಸ್ತುಂ ವಕೀಲರ 1949ರ ಲೇಖನದಿಂದ ಸರ್ಪಗಂಧಿಯ ಬೇರು ರಕ್ತದೊತ್ತಡದ ಮದ್ದೆಂದು ಲೋಕಪ್ರಸಿದ್ಧವಾಯಿತು. 1952ರಲ್ಲಿ ಅದರಿಂದ ರಿಸರ್ಪಿನ್ ಬೇರ್ಪಟ್ಟಿತು. ಅದನ್ನು ಸೇವಿಸಿದ ಕೆಲವರಲ್ಲಿ ಖಿನ್ನತೆ ಕಂಡುದನ್ನು ವೈದ್ಯರು ಮುಂದೆ ದಾಖಲಿಸಿದರು. ‘ಗಿಡಮೂಲಿಕೆ, ಅಡ್ಡಪರಿಣಾಮವಿಲ್ಲ’ ಎಂಬ ಜಾಹೀರಾತಿನ ಮಾತಿಗೆ ಈ ಒಂದು ಬೇರೇ ಉತ್ತರ.

ಆಕ್ಷೇಪವಿರುವುದು ಪರೀಕ್ಷೆಗಲ್ಲ, ಗೊತ್ತಿರುವುದನ್ನೇ ಮತ್ತೆ ಇಲಿಯನ್ನು ಕೇಳುವುದಕ್ಕೆ. ಮಂಡ್ಯ, ಮಳವಳ್ಳಿಗಳ ಬೇಲಿಸಾಲಿನಲ್ಲಿ ಬೆಳೆಯುವ ದತ್ತೂರಿಗೆ ಕನ್ನಡವು ಉಮ್ಮತ್ತವೆಂದು ಹೆಸರಿಟ್ಟಿದೆ. ಉಮ್ಮತ್ತವು ಉನ್ಮತ್ತದ ತದ್ಭವ. ಬುದ್ಧಿ ಕೆಡಿಸುವ ಗುಣ ಹೆಸರಿನಲ್ಲೇ ಇದೆ. ಆ ಗುಣ ಉಂಟೇ ಇಲ್ಲವೇ ಎಂದು ತಿಳಿಯಲು ಇನ್ನೊಂದು ಪ್ರಾಣಿ ಸಾಯಬೇಕಿಲ್ಲ.

1960ರ ಪ್ರಾಣಿಹಿಂಸೆ ತಡೆ ಕಾಯಿದೆಯು ಸಾಧ್ಯವಿರುವೆಡೆಯಲ್ಲೆಲ್ಲ ಪ್ರಯೋಗವನ್ನು ತಪ್ಪಿಸಬೇಕೆನ್ನುತ್ತದೆ. ಬೋಧನೆಗೆ ಪುಸ್ತಕ, ಮಾದರಿ, ಚಲನಚಿತ್ರಗಳು ಸಾಕಾಗುವುದಾದರೆ ಅವನ್ನೇ ಬಳಸಬೇಕೆಂಬ ಉದಾಹರಣೆಯನ್ನೂ ಕೊಡುತ್ತದೆ. ಕಾಯಿದೆ ಮೊದಲು ಹೆಸರಿಸಿದ್ದು ಪುಸ್ತಕವನ್ನು. ಆ ಪುಸ್ತಕವನ್ನು ಸಿದ್ಧಪಡಿಸಿ ಕೊಡಬೇಕಾದವರು ಯಾರು?

ಇಲ್ಲಿ ದೋಷ ಸಾಹಿತ್ಯ ವಿಭಾಗಗಳದ್ದು. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯನು ‘ಕಲ್ಯಾಣಕಾರಕ’ವನ್ನು ರಚಿಸಿ, ಮದ್ದಿನಲ್ಲಿ ಮಾಂಸ ಸಲ್ಲದೆಂದು ವಾದಿಸಿದನು. ಹದಿನಾಲ್ಕನೆಯ ಶತಮಾನದ ಮಂಗರಾಜನು ‘ಖಗೇಂದ್ರಮಣಿದರ್ಪಣ’ದಲ್ಲಿ ಸ್ಥಾವರ, ಜಂಗಮ ವಿಷಗಳ ಲಕ್ಷಣ ಮತ್ತು ಚಿಕಿತ್ಸೆಗಳನ್ನು ಕನ್ನಡದಲ್ಲಿ ಹೇಳಿದನು. ಸಾಹಿತ್ಯಚರಿತ್ರೆಗಳು ಇವಕ್ಕೆ ಶಾಸ್ತ್ರಗ್ರಂಥವೆಂಬ ಮುದ್ರೆಯೊತ್ತಿ ಒಂದೆರಡು ವಾಕ್ಯಗಳಲ್ಲಿ ಮುಂದೆ ಸಾಗುತ್ತವೆ. ಕಾವ್ಯವಲ್ಲವೆಂಬ ಕಾರಣಕ್ಕೆ ಸಾಹಿತ್ಯದ ವಿದ್ಯಾರ್ಥಿ ಓದುವುದಿಲ್ಲ. ಹಳಗನ್ನಡವೆಂಬ ಕಾರಣಕ್ಕೆ ವಿಜ್ಞಾನದ ವಿದ್ಯಾರ್ಥಿ ಮುಟ್ಟುವುದಿಲ್ಲ. ಇಬ್ಬರ ಸೋಮಾರಿತನದ ಬೆಲೆಯನ್ನು ಪಂಜರದ ಪ್ರಾಣಿ ತೆರುತ್ತದೆ.

ಹಳೆಯ ಗ್ರಂಥ ಪ್ರಮಾಣವಾಗದೆಂದು ವಿಜ್ಞಾನಿಗಳು ಹೇಳಬಹುದು. ನಿಜ. ಮಂಗರಾಜನ ಪದ್ಯದಿಂದ ಪ್ರಮಾಣಬದ್ಧ ಮಾತ್ರೆ ನಿರ್ಣಯವಾಗದು; ಪದ್ಯದ ಗಿಡ ಇಂದಿನ ಯಾವ ಗಿಡವೆಂಬುದೂ ಹಲವೆಡೆ ಚರ್ಚಾಸ್ಪದ. ಆದರೆ ಆ ಗುರುತಿಸುವಿಕೆಯೇ ಭಾಷಾವಿದ್ವಾಂಸನ ಕೆಲಸ. ಪಾಠಾಂತರ, ದೇಶ್ಯನಾಮ, ಗ್ರಾಮದ ಬಳಕೆಗಳನ್ನು ತೂಗಿ ಅವನು ಕೊಡುವ ಒಂದು ಪಟ್ಟಿ, ಪ್ರಯೋಗಕ್ಕೆ ಮುನ್ನ ಕೇಳಬೇಕಾದ ಪ್ರಶ್ನೆಯನ್ನು ಕಿರಿದಾಗಿಸುತ್ತದೆ. ಪ್ರಶ್ನೆ ಕಿರಿದಾದರೆ ಬಲಿಯೂ ಕಡಿಮೆ. ರಸೆಲ್ ಮತ್ತು ಬರ್ಚ್ 1959ರಲ್ಲಿ ಪ್ರಾಣಿಗಳ ಸಂಖ್ಯೆಯನ್ನು ತಗ್ಗಿಸಬೇಕೆಂದು ಬೋಧಿಸಿದ್ದು ಇದನ್ನೇ.

ಪ್ರಯೋಗಶಾಲೆಯೂ ತನ್ನ ಋಣವನ್ನು ತೀರಿಸಲಿ. ಫಲ ಕಾಣದ ಪ್ರಯೋಗವನ್ನು ಮುಚ್ಚಿಡುವುದೆಂದರೆ ಅದೇ ಪ್ರಯೋಗ ಇನ್ನೊಂದೆಡೆ ನಡೆದು ಅಷ್ಟೇ ಪ್ರಾಣಿಗಳು ಸಾಯಲು ಎಡೆಗೊಡುವುದು. ಎಷ್ಟು ಪ್ರಾಣಿಗಳು, ಯಾವ ಪ್ರಶ್ನೆಗೆ, ಯಾವ ಉತ್ತರಕ್ಕೆ ಸತ್ತವೆಂಬುದನ್ನು ಪ್ರತಿಯೊಂದು ಪ್ರಬಂಧವೂ ಪ್ರಕಟಿಸಬೇಕು. ಹತ್ತನೆಯ ಶತಮಾನದ ಬೇಟೆಗಾರನೊಬ್ಬ ಆತಕೂರಿನಲ್ಲಿ ಪಾಲಿಸಿದ ಮರ್ಯಾದೆಗಿಂತ ಕಡಿಮೆಯದನ್ನು ವಿದ್ಯೆಯ ಹೆಸರಿನಲ್ಲಿ ಒಪ್ಪಲಾಗದು.