ಹರಟೆ ನಿಂತರೆ ಓಟವೂ ನಿಲ್ಲಲಿ



ಹೋದ ವಾರ ಗುರುಗ್ರಾಮದಿಂದ ಓದುಗರೊಬ್ಬರು ಹೀಗೆ ಕೇಳಿದ್ದರು: "ಡಾಕ್ಟ್ರೇ, ಅಪ್ಪನಿಗೆ 67 ವರ್ಷ. ಅಮ್ಮ ಹೋದ ಮೇಲೆ ಊರಿನ ಮನೆಗೆ ಬೀಗ ಹಾಕಿ ನಮ್ಮ ಜೊತೆ ಬಂದಿದ್ದಾರೆ. ಈ ಚಳಿಯಲ್ಲೂ ದಿನಾ ಬೆಳಗಿನ ಜಾವ ಎದ್ದು ಪಾರ್ಕಿನಲ್ಲಿ ಓಡುವವರ ಗುಂಪಿಗೆ ಸೇರ್ಕೋತಾರೆ. ಹೋಗಿ ಅನ್ನಲಾ, ಬೇಡ ಅನ್ನಲಾ?"

ನನ್ನ ಉತ್ತರ: ಹೋಗಲಿ. ಆದರೆ "ದಿನಾ" ಅನ್ನುವ ಪದವನ್ನು ಮನೆಯಲ್ಲೇ ಬಿಟ್ಟು ಹೋಗಲಿ. ಯಾಕೆ ಹೀಗೆ ಹೇಳುತ್ತೇನೆ ಅನ್ನುವುದಕ್ಕೆ ನನ್ನ ಕಣ್ಣೆದುರೇ ನಡೆದ ಒಂದು ಘಟನೆ ಹೇಳಬೇಕು.

ದೆಹಲಿಯ ಚಾಣಕ್ಯಪುರಿಯಲ್ಲಿ ನೆಹರೂ ಪಾರ್ಕ್ ಇದೆ. ಅಲ್ಲಿ ಬೆಳಿಗ್ಗೆ ಓಡುವ ನಮ್ಮದೊಂದು ಸಣ್ಣ ಗುಂಪು. ಹದಿನಾಲ್ಕು ಜನ. 46 ವರ್ಷದ ನಾನೇ ಎಲ್ಲರಿಗಿಂತ ಚಿಕ್ಕವನು, ಓಟದಲ್ಲಿ ಎಲ್ಲರಿಗಿಂತ ಹಿಂದೆ. ಉಳಿದವರೆಲ್ಲ 58ರಿಂದ 76ರ ನಡುವಿನವರು. ಪಂಜಾಬಿಗಳು, ಮಲಯಾಳಿಗಳು, ಬಂಗಾಳಿಗಳು, ನಾವು ಐದು ಜನ ಕನ್ನಡದವರು. ಓಟ ಮುಗಿದ ಮೇಲೆ ಬೆಂಚಿನ ಮೇಲೆ ಫ್ಲಾಸ್ಕ್ ತೆರೆಯುತ್ತದೆ. ಒಬ್ಬರ ಡಬ್ಬಿಯಲ್ಲಿ ಕೋಡುಬಳೆ, ಇನ್ನೊಬ್ಬರದರಲ್ಲಿ ಮೇಥಿ ಮಟ್ಟಿ. ಸಂಕ್ರಾಂತಿ ದಿನ ಸರ್ದಾರ್ಜಿಗಳ ಕೈಗೂ ಎಳ್ಳು ಬೆಲ್ಲ.

ನಾವೆಲ್ಲ "ಕಾಕಾ" ಅಂತ ಕರೆಯುವ ಧಾರವಾಡದ ಕಡೆಯ ಹಿರಿಯರೊಬ್ಬರಿದ್ದಾರೆ. 68 ವರ್ಷ. ನಿವೃತ್ತರಾದ ಮೇಲೆ ಓಡಲು ಕಲಿತವರು. ಒಂದು ದಿನವೂ ತಪ್ಪಿಸಿದವರಲ್ಲ. ಗುಂಪಿನ ವಾಟ್ಸ್ಆ್ಯಪ್‌ನಲ್ಲಿ ಬೆಳಿಗ್ಗೆ ಎಂಟೂವರೆಗೆ ಅವರದೊಂದು ಸಂದೇಶ ಬಂದೇ ಬರುತ್ತಿತ್ತು: "ದಿನ 409." ಮರುದಿನ "ದಿನ 410." ನಾವೆಲ್ಲ ಚಪ್ಪಾಳೆಯ ಚಿತ್ರ ಹಾಕುತ್ತಿದ್ದೆವು. ನಾನೂ ಹಾಕುತ್ತಿದ್ದೆ.

ಜನವರಿಯ ಒಂದು ಬೆಳಿಗ್ಗೆ ಮೈಸೂರಿನ ಕಡೆಯ ನಿವೃತ್ತ ಶಿಕ್ಷಕಿಯೊಬ್ಬರು ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದರು: "ಡಾಕ್ಟ್ರೇ, ಮೂರು ದಿನದಿಂದ ಕಾಕಾ ಮೊದಲನೇ ಸುತ್ತಿನಲ್ಲಿ ಮಾತೇ ಆಡ್ತಿಲ್ಲ. ನೋಡಿದ್ರಾ?"

ನಾನು ನೋಡಿರಲಿಲ್ಲ. ದಿನವಿಡೀ ಹೃದಯದ ರೋಗಿಗಳನ್ನೇ ನೋಡುವ ನಾನು, ಪಕ್ಕದಲ್ಲೇ ಓಡುವವರನ್ನು ಗಮನಿಸಿರಲಿಲ್ಲ. ಕಾಕಾ ಅಂದರೆ ಬಾಯಿ ಮುಚ್ಚದ ಮನುಷ್ಯ. ಮೊದಲ ಸುತ್ತಿನಲ್ಲೇ ಹಿಂದಿನ ದಿನದ ಕ್ರಿಕೆಟ್ಟಿನಿಂದ ಹಿಡಿದು ಸವದತ್ತಿ ಜಾತ್ರೆಯವರೆಗೂ ಹೋಗಿ ಬರುವವರು. ಅಂಥವರು ಸುಮ್ಮನಾಗಿದ್ದರು.

ಪಕ್ಕಕ್ಕೆ ಕರೆದು ಕೇಳಿದೆ. "ಏನಿಲ್ರೀ ಡಾಕ್ಟ್ರ, ಥಂಡಿಗೆ ಗಂಟಲದಾಗ ಒಂದೀಟು ಹಿಡದಂಗ ಆಗ್ತದ. ಹತ್ತು ನಿಮಿಷಕ್ಕ ತಾನ ಬಿಡ್ತದ. ಆಮ್ಯಾಲೆ ಅರಾಮ ಓಡ್ತೀನಿ" ಅಂದರು.

ಅವರಿಗೆ ಅದು ಸಮಾಧಾನದ ಮಾತು. ನನಗೆ ಮೈ ಜುಂ ಎಂದಿತು. ಅಲ್ಲೇ ಓಟ ನಿಲ್ಲಿಸಿದೆ. ಅವರಿಗೆ ಸಿಟ್ಟು ಬಂತು. "ಇವತ್ತಿಗೆ 411 ಆಗ್ತದ್ರೀ. ಇದೊಂದು ಸುತ್ತು ಮುಗಿಸಿ ಬರ್ತೀನಿ" ಅಂದರು. ಬಿಡಲಿಲ್ಲ. ಹಾಗೇ ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆವು. ಇಸಿಜಿ ನಾರ್ಮಲ್ ಇತ್ತು. "ನೋಡ್ರೀ, ನಾ ಹೇಳ್ಲಿಲ್ಲೇನು?" ಅಂದರು ಕಾಕಾ. ಮುಂದಿನ ಪರೀಕ್ಷೆಗಳಾದವು. ಆಂಜಿಯೋಗ್ರಾಂನಲ್ಲಿ ಹೃದಯದ ಮುಂಭಾಗಕ್ಕೆ ರಕ್ತ ಒಯ್ಯುವ ದೊಡ್ಡ ರಕ್ತನಾಳ ಶೇಕಡಾ 90ರಷ್ಟು ಕಟ್ಟಿಕೊಂಡಿತ್ತು. ಸ್ಟೆಂಟ್ ಹಾಕಿದರು. ಈಗ ಕಾಕಾ ಚೆನ್ನಾಗಿದ್ದಾರೆ. "ಬರೀರಿ, ನಾಕು ಮಂದಿಗೆ ಉಪಯೋಗ ಆಗಲಿ" ಅಂತ ಅವರೇ ಹೇಳಿದ್ದರಿಂದ ಬರೆಯುತ್ತಿದ್ದೇನೆ.

*ಆ ಹತ್ತು ನಿಮಿಷದಲ್ಲಿ ಏನಾಗುತ್ತಿತ್ತು?*

ಚಳಿಗೆ ಚರ್ಮದ ಕೆಳಗಿನ ರಕ್ತನಾಳಗಳು ಮುದುಡುತ್ತವೆ. ಬಿಪಿ ಏರುತ್ತದೆ. ಅದೇ ಪ್ರಮಾಣದ ರಕ್ತ ತಳ್ಳಲು ಹೃದಯ ಹೆಚ್ಚು ದುಡಿಯಬೇಕು. ಅದರ ಮೇಲೆ ಹಾಸಿಗೆಯಿಂದ ಎದ್ದವರೇ ಒಮ್ಮೆಲೇ ಓಡಲು ಶುರುಮಾಡಿದರೆ ಹೃದಯಕ್ಕೆ ಬೇಕಾದ ಆಮ್ಲಜನಕ ಹೆಚ್ಚುತ್ತದೆ. ರಕ್ತನಾಳ ಕಿರಿದಾಗಿದ್ದರೆ ಅಷ್ಟು ಆಮ್ಲಜನಕ ತಲುಪುವುದಿಲ್ಲ. ಆಗ ಎದೆ, ಗಂಟಲು, ದವಡೆ, ಎಡಗೈ ಅಥವಾ ಬೆನ್ನಿನಲ್ಲಿ ಬಿಗಿತ ಕಾಣುತ್ತದೆ. ಸ್ವಲ್ಪ ಹೊತ್ತಿನ ನಂತರ ಮೈ ಬಿಸಿಯಾಗಿ ರಕ್ತನಾಳಗಳು ಸಡಿಲವಾದಾಗ ಬಿಗಿತ ಬಿಟ್ಟುಹೋಗುತ್ತದೆ. "ಓಡಿದರೆ ವಾಸಿಯಾಗುತ್ತದೆ" ಅಂತ ಓಡುವವರು ತಿಳಿಯುತ್ತಾರೆ. ಇದು ಆಂಜೈನಾದ ಒಂದು ರೂಪ. ಕೂತಿದ್ದಾಗ ತೆಗೆದ ಇಸಿಜಿಯಲ್ಲಿ ಇದು ಕಾಣಲೇಬೇಕೆಂದಿಲ್ಲ.

ಓಡುವವರಿಗೆ ಹೃದಯಾಘಾತ ಬರುವುದಿಲ್ಲ ಅನ್ನುವ ನಂಬಿಕೆ ನಮ್ಮಲ್ಲಿ ಇನ್ನೂ ಇದೆ. ಅಮೆರಿಕದಲ್ಲಿ ಜಿಮ್ ಫಿಕ್ಸ್ ಎಂಬ ಲೇಖಕರಿದ್ದರು. 1977ರಲ್ಲಿ ಓಟದ ಬಗ್ಗೆ ಪುಸ್ತಕ ಬರೆದು ಲಕ್ಷಾಂತರ ಜನರನ್ನು ಓಟಕ್ಕೆ ಹಚ್ಚಿದವರು. 1984ರಲ್ಲಿ, 52ನೇ ವಯಸ್ಸಿನಲ್ಲಿ, ದಿನದ ಓಟಕ್ಕೆ ಹೋದವರು ಹೃದಯಾಘಾತದಿಂದ ತೀರಿಕೊಂಡರು. ಅವರ ತಂದೆಗೆ 35ಕ್ಕೇ ಹೃದಯಾಘಾತವಾಗಿ, 43ಕ್ಕೆ ತೀರಿಹೋಗಿದ್ದರು. ಓಟ ಅವರಿಗೆ ಕೆಡುಕು ಮಾಡಿತು ಅಂತ ನಾನು ಹೇಳುವುದಿಲ್ಲ. ಓಟ ಹೃದಯದ ಅಪಾಯವನ್ನು ಕಡಿಮೆ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ. ಅನುವಂಶೀಯತೆ, ಸಕ್ಕರೆ, ಬಿಪಿ, ಹಳೆಯ ಸಿಗರೇಟು, ಇವುಗಳ ಲೆಕ್ಕ ಬೇರೆಯೇ ಇರುತ್ತದೆ.

*ಹಾಗಾದರೆ ಮನೆಯಲ್ಲೇ ಕೂರಬೇಕಾ?*

ಖಂಡಿತ ಬೇಡ. ಮಕ್ಕಳೇ, ಇಲ್ಲಿ ನಿಮ್ಮ ಹತ್ತಿರ ಒಂದು ಮಾತು. ಊರಿನಿಂದ ಬಂದ ಅಪ್ಪ ಅಮ್ಮನಿಗೆ ದೆಹಲಿಯ ಫ್ಲಾಟಿನಲ್ಲಿ ಏನಿದೆ? ನಾವು ಆಫೀಸಿಗೆ ಹೋಗುತ್ತೇವೆ, ಮೊಮ್ಮಕ್ಕಳು ಶಾಲೆಗೆ. ಪಕ್ಕದ ಮನೆಯವರ ಹಿಂದಿ ಅವರಿಗೆ ಅರ್ಧಂಬರ್ಧ. ಹೀಟರ್ ಮುಂದೆ ಕೂತು ಟಿವಿ ನೋಡುವುದೇ ದಿನಚರಿ. ಒಂಟಿತನವೂ ಕೂತೇ ಇರುವುದೂ ಹೃದಯಕ್ಕೆ ಒಳ್ಳೆಯದಲ್ಲ. ಅಂಥವರಿಗೆ "ಬಂದ್ರಾ? ನಿನ್ನೆ ಯಾಕೆ ಬರಲಿಲ್ಲ?" ಅಂತ ಕೇಳುವ ನಾಲ್ಕು ಜನ ಪಾರ್ಕಿನಲ್ಲಿ ಸಿಕ್ಕಿದ್ದಾರೆ. ಅದನ್ನು ಕಿತ್ತುಕೊಳ್ಳಬೇಡಿ.

ಗುಂಪು ಇರುವುದು ಓಡಿಸಲಿಕ್ಕೆ ಮಾತ್ರ ಅಂತ ನಾವು ತಿಳಿದಿದ್ದೆವು. ಹಾಸಿಗೆ ಬಿಡದವನನ್ನು ಎಬ್ಬಿಸುವುದು, ಸುಸ್ತಾದವನನ್ನು ಹುರಿದುಂಬಿಸುವುದು. ನಿಲ್ಲಿಸುವುದೂ ಗುಂಪಿನ ಕೆಲಸ ಅಂತ ಕಾಕಾ ಪ್ರಕರಣದಿಂದ ಕಲಿತೆವು. ಲೆಕ್ಕದ ಚಪ್ಪಾಳೆ ಹೊಡೆದ ನಾವೇ ಅವರು ಬಿಗಿತವನ್ನು ಮುಚ್ಚಿಡುವಂತೆ ಮಾಡಿದ್ದೆವು. ಅವರನ್ನು ಉಳಿಸಿದ್ದು ನನ್ನ ಎಂಡಿ ಪದವಿಯೂ ಅಲ್ಲ, ಅವರ ಕೈಯ ಸ್ಮಾರ್ಟ್ ವಾಚೂ ಅಲ್ಲ. ಒಬ್ಬ ಟೀಚರಮ್ಮನ ಕಿವಿ. ನಲವತ್ತು ಮಕ್ಕಳ ತರಗತಿಯಲ್ಲಿ ಇವತ್ತು ಯಾರು ಸುಮ್ಮನಿದ್ದಾರೆ ಅಂತ ಗುರುತಿಸಿ ಅಭ್ಯಾಸವಿದ್ದ ಕಿವಿ.

ಓಡುವಾಗ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಇದು ವೈದ್ಯರು ಒಪ್ಪುವ ಅಳತೆ. ಹಾಡಲು ಆಗದಿದ್ದರೂ ಮಾತಾಡಲು ಆಗುತ್ತಿದ್ದರೆ ಮಿತವಾದ ವ್ಯಾಯಾಮ. ಎರಡು ಪದಕ್ಕೊಮ್ಮೆ ಏದುಸಿರು ಬಂದರೆ ಜೋರಾಯಿತು. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಾಡಿ ಬಡಿತ ಏರುವುದೇ ಕಡಿಮೆ, ಹಾಗಾಗಿ ವಾಚಿನ ಅಂಕಿ ಅವರಿಗೆ ಸರಿಯಾದ ಸುಳಿವು ಕೊಡುವುದಿಲ್ಲ. ಹರಟೆ ಕೊಡುತ್ತದೆ.

*ನಮ್ಮ ಗುಂಪು ಈಗ ಪಾಲಿಸುವ ನಿಯಮಗಳು*

1. ದಿನದ ಲೆಕ್ಕ ಹಾಕುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರದ ಲೆಕ್ಕ: ಮಿತವಾದ ವ್ಯಾಯಾಮ 150ರಿಂದ 300 ನಿಮಿಷ, ಅಥವಾ ಜೋರಾದದ್ದು 75ರಿಂದ 150 ನಿಮಿಷ. ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ಏಳೂ ದಿನ ಓಡಲೇಬೇಕೆಂದು ಎಲ್ಲೂ ಇಲ್ಲ.

2. ಬಿಸಿಲು ಬರುವವರೆಗೆ ಕಾಯುತ್ತೇವೆ. ಐದೂವರೆಯ ಬದಲು ಚಳಿಗಾಲದಲ್ಲಿ ಎಂಟು ಗಂಟೆ. ನಿವೃತ್ತರಿಗೆ ಯಾವ ಬಸ್ಸು ತಪ್ಪಬೇಕು?

3. ಹೊರಡುವ ಮೊದಲು ಗಾಳಿ ನೋಡುತ್ತೇವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಸಮೀರ್' ಆ್ಯಪ್‌ನಲ್ಲಿ ಹತ್ತಿರದ ಕೇಂದ್ರದ ಎಕ್ಯೂಐ ಸಿಗುತ್ತದೆ. 200 ದಾಟಿದರೆ ಓಟ ಬಿಟ್ಟು ನಡಿಗೆ. 300 ದಾಟಿದರೆ ಪಾರ್ಕ್ ಬೇಡ, ಮನೆಯೊಳಗೇ ಯೋಗ, ನಡಿಗೆ. ಹೃದಯ, ಶ್ವಾಸಕೋಶದ ಕಾಯಿಲೆ ಇದ್ದವರು 200ಕ್ಕೇ ಒಳಗಿರಲಿ. ಓಡುವಾಗ ಬಾಯಿಂದ ಆಳವಾಗಿ ಉಸಿರೆಳೆಯುತ್ತೇವೆ, ಸೂಕ್ಷ್ಮ ಕಣಗಳು ಅಷ್ಟೂ ಒಳಗೆ ಹೋಗುತ್ತವೆ. ಚಳಿಗಾಲದ ಬೆಳಗಿನ ಜಾವ ತಣ್ಣಗಿನ ಗಾಳಿ ನೆಲಕ್ಕೆ ಅಂಟಿಕೊಂಡು ಹೊಗೆಯನ್ನು ಮೇಲೇರಲು ಬಿಡುವುದಿಲ್ಲ. ಮುಂಜಾನೆಯ ಗಾಳಿ ಶುದ್ಧ ಅನ್ನುವ ನಮ್ಮ ಊರಿನ ಮಾತು ದೆಹಲಿಯ ಜನವರಿಗೆ ಹೊಂದುವುದಿಲ್ಲ.

4. ಮೊದಲ 15 ನಿಮಿಷ ನಡಿಗೆ ಮಾತ್ರ. ಮುಗಿಸುವಾಗಲೂ ಗಕ್ಕನೆ ನಿಲ್ಲದೆ ಹತ್ತು ನಿಮಿಷ ನಡಿಗೆ. ಟೋಪಿ, ಕೈಗವಸು, ಎರಡು ಮೂರು ಪದರ ಬಟ್ಟೆ. ಬೆವರಾದ ಬಟ್ಟೆಯಲ್ಲಿ ಚಹಾಕ್ಕೆ ಕೂರುವುದಿಲ್ಲ.

5. ಬೆಳಗಿನ ಮಾತ್ರೆಯನ್ನು ಓಟಕ್ಕಾಗಿ ತಪ್ಪಿಸುವುದಿಲ್ಲ. ಸಕ್ಕರೆ ಕಾಯಿಲೆಯವರ ಜೇಬಿನಲ್ಲಿ ನಾಲ್ಕು ಪೆಪ್ಪರ್‌ಮಿಂಟ್. ಎಲ್ಲರ ಜೇಬಿನಲ್ಲೂ ಹೆಸರು, ಕಾಯಿಲೆ, ಮಾತ್ರೆ, ಮನೆಯವರ ಫೋನ್ ನಂಬರ್ ಬರೆದ ಚೀಟಿ.

6. ಮಂಜಿದ್ದಾಗ ರಸ್ತೆಯಲ್ಲಿ ಓಡುವುದಿಲ್ಲ. ಪಾರ್ಕಿನೊಳಗೆ ಮಾತ್ರ.

7. ಎಲ್ಲರಿಗೂ ಎದೆ ಒತ್ತುವುದನ್ನು ಕಲಿಸಿದ್ದೇವೆ. ಯಾರಾದರೂ ಕುಸಿದು ಬಿದ್ದು, ಕರೆದರೆ ಓಗೊಡದೆ, ಉಸಿರಾಟ ಸರಿಯಿಲ್ಲದಿದ್ದರೆ ಒಬ್ಬರು 112ಕ್ಕೆ ಫೋನ್ ಮಾಡಬೇಕು. ಇನ್ನೊಬ್ಬರು ಎದೆಯ ನಡುಭಾಗವನ್ನು ಎರಡೂ ಕೈಯಿಂದ ಸುಮಾರು 5 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಲೇ ಇರಬೇಕು. ಸಹಾಯ ಬರುವವರೆಗೆ ನಿಲ್ಲಿಸಬಾರದು.

8. ಎದೆ, ಗಂಟಲು, ದವಡೆಯ ಬಿಗಿತ, ಎಂದೂ ಇಲ್ಲದ ಏದುಸಿರು, ತಲೆಸುತ್ತು, ತಣ್ಣನೆ ಬೆವರು: ಯಾವುದು ಕಂಡರೂ ಆ ದಿನದ ಓಟ ಅಲ್ಲಿಗೆ ಮುಗಿಯಿತು. ಅದೇ ದಿನ ವೈದ್ಯರನ್ನು ನೋಡಬೇಕು. ಕೂತರೂ ಬಿಗಿತ ಬಿಡದಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಹೆಂಗಸರಲ್ಲಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆ ಇರಬಹುದು. "ಗ್ಯಾಸ್" ಅಂತ ನಾವೇ ತೀರ್ಪು ಕೊಟ್ಟುಕೊಳ್ಳುವುದು ಬೇಡ.

ಪುಣೆಯ ಟೇಕಡಿ ಹತ್ತುವವರಿಗೂ ಹೈದರಾಬಾದಿನವರಿಗೂ ನಿಧಾನವಾಗಿ ಮೈ ಬಿಸಿ ಮಾಡಿಕೊಳ್ಳುವ ಮಾತು ಅನ್ವಯಿಸುತ್ತದೆ. ಮುಂಬೈಯವರು ಚಳಿಗಾಲದಲ್ಲಿ ಗಾಳಿಯ ಅಂಕಿ ನೋಡುವುದನ್ನು ಮರೆಯಬೇಡಿ. ಚೆನ್ನೈಯವರಿಗೆ ಚಳಿಯ ಕಾಟವಿಲ್ಲ, ಆದರೆ ಹರಟೆಯ ನಿಯಮ ಅಲ್ಲಿಗೂ ಒಂದೇ.

ಓಟ ಹೊಸದಾಗಿ ಶುರುಮಾಡುವ ಹಿರಿಯರು, ಅದರಲ್ಲೂ ಬಿಪಿ, ಸಕ್ಕರೆ, ಮನೆಯಲ್ಲಿ ಹೃದಯ ಕಾಯಿಲೆಯ ಇತಿಹಾಸ ಇರುವವರು, ಮೊದಲು ನಿಮ್ಮ ವೈದ್ಯರನ್ನು ಕಾಣಿ. ವಯಸ್ಸು ಅಡ್ಡಿಯಲ್ಲ. ಪಂಜಾಬಿನಲ್ಲಿ ಹುಟ್ಟಿದ ಫೌಜಾ ಸಿಂಗ್ ಮ್ಯಾರಥಾನ್ ಓಡಲು ಶುರುಮಾಡಿದ್ದೇ 80 ದಾಟಿದ ಮೇಲೆ. ಅವರೂ 2013ರಲ್ಲಿ, ನೂರು ದಾಟಿದ ಮೇಲೆ, ಸ್ಪರ್ಧೆ ಸಾಕು ಅಂದರು. ನಡಿಗೆ ಮಾತ್ರ ಬಿಡಲಿಲ್ಲ. ಸಾಕು ಅನ್ನುವುದೂ ಓಟಗಾರನಿಗೆ ಗೊತ್ತಿರಬೇಕಾದ ವಿದ್ಯೆ.

ಗುರುಗ್ರಾಮದ ಸಹೋದರರೇ, ಅಪ್ಪನನ್ನು ತಡೆಯಬೇಡಿ. ಒಂದು ಭಾನುವಾರ ಅವರ ಜೊತೆ ನೀವೂ ಹೋಗಿ. ಅವರ ಗೆಳೆಯರ ನಂಬರ್ ತೆಗೆದುಕೊಳ್ಳಿ, ನಿಮ್ಮದನ್ನು ಕೊಡಿ. "ಅಪ್ಪ ಸುಮ್ಮನಾದರೆ ನನಗೆ ಫೋನ್ ಮಾಡಿ" ಅಂತ ಹೇಳಿ ಬನ್ನಿ.

ಕಾಕಾ ಮೊದಲು ನಡೆಯಲು, ಆಮೇಲೆ ನಿಧಾನವಾಗಿ ಓಡಲು ಮತ್ತೆ ಬರತೊಡಗಿದ್ದಾರೆ. ಲೆಕ್ಕ ಬಿಟ್ಟಿದ್ದಾರೆ. ಮೊನ್ನೆ ಎಕ್ಯೂಐ 340 ಇತ್ತು, ಯಾರೂ ಹೋಗಲಿಲ್ಲ. ಎಂಟೂವರೆಗೆ ಗುಂಪಿನಲ್ಲಿ ಅವರ ಸಂದೇಶ ಬಂತು: "ಇವತ್ತು ರಜಾ. ಮನ್ಯಾಗ ಗಿರಮಿಟ್ ಮಾಡೀವಿ. ಬರೂದಿದ್ರ ಬರ್ರಿ."

ಒಂಬತ್ತು ಜನ ಹೋಗಿದ್ದೆವು.

– ನಿಮ್ಮ ಹೃದ್ರೋಗ ವೈದ್ಯ, ದೆಹಲಿ

(ಇದು ಸಾಮಾನ್ಯ ತಿಳಿವಳಿಕೆಗಾಗಿ. ಮಾತ್ರೆ, ಪರೀಕ್ಷೆಗಳ ವಿಷಯದಲ್ಲಿ ನಿಮ್ಮ ವೈದ್ಯರ ಮಾತೇ ಅಂತಿಮ. ಚಳಿಗಾಲದಲ್ಲಿ ಓಡುವ ಹಿರಿಯರು ಮನೆಯಲ್ಲಿದ್ದರೆ ಅವರಿಗೂ ಅವರ ಗುಂಪಿಗೂ ಕಳಿಸಿ.)