ಹೋಗಿ ಬರ್ತೀನಿ ಅಂದ ಮೇಲೆ

ಹಳೇ ಮೈಸೂರಿನ ಕಡೆ ಮನೆಯಿಂದ ಹೊರಟ ಹುಡುಗ ಬಾಯಿ ತಪ್ಪಿ 'ಹೋಗ್ತೀನಿ' ಎಂದರೆ ಸಾಕು, ಒಳಗಿನಿಂದ ಅಜ್ಜಿಯ ದನಿ ಬಂದೇ ಬರುತ್ತದೆ: 'ಬಿಡ್ತು ಅನ್ನು! ಹೋಗ್ಬರ್ತೀನಿ ಅನ್ಬೇಕು.' ಇಂಗ್ಲಿಷಿನ 'ಗುಡ್ ಬೈ'ಗೆ ಸರಿಸಾಟಿಯಾದ ಮಾತು ನಮ್ಮ ಮನೆಗಳಲ್ಲಿ ಇಲ್ಲವೇ ಇಲ್ಲ. 'ವಿದಾಯ' ಇರುವುದು ಪತ್ರಿಕೆಯ ತಲೆಬರಹದಲ್ಲಿ, 'ಬೀಳ್ಕೊಡುಗೆ' ಇರುವುದು ಶಾಲೆಯ ಬ್ಯಾನರಿನಲ್ಲಿ. ಬಾಯಲ್ಲಿ ಬರುವುದು 'ಬರ್ತೀನಿ' ಒಂದೇ. ಹೋಗುವವನು 'ಬರ್ತೀನಿ' ಎನ್ನುತ್ತಾನೆ, ಉಳಿಯುವವರು 'ಹೂಂ, ಹೋಗ್ಬಾ' ಎನ್ನುತ್ತಾರೆ. ಯಾರೂ ಅದನ್ನು ಕರಾರು ಎಂದು ತಿಳಿಯುವುದಿಲ್ಲ.

ತೊಂದರೆ ಶುರುವಾಗುವುದು ಪರದೇಶದಿಂದ ತಂಡವಾಗಿ ಬಂದ ಹುಡುಗ ಹುಡುಗಿಯರು ಈ ಮಾತನ್ನು ಕಲಿತಾಗ. ಅವರು ಬಂದ ಮೊದಲ ವಾರದಲ್ಲೇ 'ನಮಸ್ಕಾರ', 'ಊಟ ಆಯ್ತಾ', 'ಸಾಕು' (ಇದು ಬಹಳ ಬೇಕಾಗುವ ಮಾತು, ನಮ್ಮವರ ಬಡಿಸುವ ಕೈ ಅಂಥದ್ದು) ಕಲಿಯುತ್ತಾರೆ. ಕೊನೆಯ ದಿನಕ್ಕೆ ಯಾರೋ 'ಹೋಗ್ಬರ್ತೀನಿ' ಹೇಳಿಕೊಟ್ಟಿರುತ್ತಾರೆ. ಅದರ ಅರ್ಥ ಕೇಳಿಕೊಂಡ ಆ ಹುಡುಗಿ ಕಣ್ಣು ತುಂಬಿಕೊಂಡು, ಪೂರ್ತಿ ಮನಸ್ಸಿನಿಂದ, ಹೇಳುತ್ತಾಳೆ. ಮೂರು ವಾರ ಅವಳ ಬೆರಳು ಹಿಡಿದು ಓಡಾಡಿದ ಎಂಟು ವರ್ಷದ ಮಗು ಅದನ್ನು ಪೂರ್ತಿ ಮನಸ್ಸಿನಿಂದಲೇ ಕೇಳುತ್ತದೆ. ಅಜ್ಜಿಯ ಮನೆಯಲ್ಲಿ ಬರೀ ಶುಭದ ಮಾತಾಗಿದ್ದದ್ದು ಇಲ್ಲಿ ಭಾಷೆ ಕೊಟ್ಟಂತಾಗುತ್ತದೆ. ಇಬ್ಬರಲ್ಲಿ ಯಾರೂ ಸುಳ್ಳು ಹೇಳಿಲ್ಲ. ಆದರೂ ಮುಂದಿನ ವರ್ಷ ಜೀಪಿನಿಂದ ಇಳಿಯುವುದು ಬೇರೆ ಅಕ್ಕ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಕಡೆಗೆ ಇಂಥ ಜೀಪುಗಳು ಬರುವುದು ಹೊಸದೇನಲ್ಲ. ಮೈಸೂರಿನ ವೈದ್ಯಕೀಯ ವಿದ್ಯಾರ್ಥಿಗಳು 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕೋಟೆ ತಾಲ್ಲೂಕಿನ ಹಾಡಿಗಳಲ್ಲಿ ಕೆಲಸಕ್ಕೆ ನಿಂತಿತು. ಹೊಸಹಳ್ಳಿಯಲ್ಲಿ ಗಿರಿಜನ ಮಕ್ಕಳ ಶಾಲೆ, ಈಗ ಪ್ರತ್ಯೇಕ ತಾಲ್ಲೂಕಾಗಿರುವ ಸರಗೂರಿನಲ್ಲಿ ಆಸ್ಪತ್ರೆ ಬಂದವು. ಅಮೆರಿಕದ ಕಾರ್ನೆಲ್, ಅಯೋವಾ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಈ ಸಂಸ್ಥೆಯ ಜೊತೆ ಕಲಿಯಲು ತಂಡ ಕಟ್ಟಿಕೊಂಡು ಬಂದಿದ್ದಾರೆ. ಇಂಗ್ಲೆಂಡಿನ ರ‍್ಯಾಲಿ ಇಂಟರ್‌ನ್ಯಾಷನಲ್ ಸಂಸ್ಥೆ 2010ರ ದಶಕದ ಮೊದಲ ವರ್ಷಗಳಲ್ಲಿ ಮೈಸೂರನ್ನು ನೆಲೆ ಮಾಡಿಕೊಂಡು ಈ ಭಾಗದ ಹಳ್ಳಿಗಳಿಗೆ ಯುವಕರನ್ನು ಕಳುಹಿಸಿತು. ಶೌಚಾಲಯ, ಗೋಬರ್ ಗ್ಯಾಸ್ ಕಟ್ಟುವ ಕೆಲಸಕ್ಕೆ ಅವರೂ ನಮ್ಮ ಹುಡುಗರೂ ಒಟ್ಟಿಗೆ ಮಣ್ಣು ಹೊತ್ತರು.

ಇನ್ನು ರೋಟರಿಯದು ದೊಡ್ಡವರ ಪ್ರವಾಸ. 1965ರಲ್ಲಿ ಶುರುವಾಗಿ 2013ರವರೆಗೆ ನಡೆದ 'ಗ್ರೂಪ್ ಸ್ಟಡಿ ಎಕ್ಸ್‌ಚೇಂಜ್' ಯೋಜನೆಯಲ್ಲಿ ಒಬ್ಬ ರೋಟರಿ ಸದಸ್ಯನ ಮುಂದಾಳತ್ವದಲ್ಲಿ, ರೋಟರಿಗೆ ಸೇರದ ಕೆಲವು ತರುಣ ಉದ್ಯೋಗಿಗಳು ನಾಲ್ಕರಿಂದ ಆರು ವಾರ ಬೇರೆ ದೇಶದ ಮನೆಗಳಲ್ಲಿ ಉಳಿಯುತ್ತಿದ್ದರು. ಎರಡು ಮೂರು ದಿನಕ್ಕೊಂದು ಊರು, ಊರಿಗೊಂದು ಸ್ವಾಗತ, ಊರಿಗೊಂದು ಬೀಳ್ಕೊಡುಗೆ. ಹಾರ, ಪೇಟ, ಪುಟ್ಟ ಬಾವುಟಗಳ ವಿನಿಮಯ, ವಂದನಾರ್ಪಣೆ. ಹೀಗೆ ದಿನಾ ಬೀಳ್ಕೊಂಡವರಿಗೆ ಕೊನೆಗೆ ಯಾವ ಮುಖ ಯಾವ ಊರಿನದು ಎಂಬುದೇ ಕಲಸಿಹೋಗುತ್ತಿದ್ದರೆ ಅವರ ತಪ್ಪಲ್ಲ.

ಬಂದು ಹೋಗುವವರಿಗೆ ಇದು ಜೀವನದಲ್ಲಿ ಒಮ್ಮೆ. ಉಳಿಯುವವರಿಗೆ ವರ್ಷಕ್ಕೊಮ್ಮೆ, ಕೆಲವು ಶಾಲೆಗಳಲ್ಲಿ ವರ್ಷಕ್ಕೆ ಎರಡು ಸಲ. ಒಂದನೇ ತರಗತಿಯಿಂದ ಎಸ್‌ಎಸ್‌ಎಲ್‌ಸಿವರೆಗೆ ಇಂಥ ಶಾಲೆಯಲ್ಲಿ ಓದಿದ ಮಗು ಹತ್ತು ತಂಡಗಳಿಗಾದರೂ ಕೈ ಬೀಸಿರುತ್ತದೆ. ಅದು ಆರನೆಯ ತಂಡದ ಹೊತ್ತಿಗೆ ಬಂದವರ ಹೆಸರು ಕೇಳುವುದನ್ನೇ ಬಿಟ್ಟರೆ 'ಈ ಮಕ್ಕಳಿಗೆ ಕೃತಜ್ಞತೆಯಿಲ್ಲ' ಎನ್ನುವುದು ಅನ್ಯಾಯ. ಮಗು ತನ್ನ ಮನಸ್ಸನ್ನು ತಾನೇ ಕಾಪಾಡಿಕೊಳ್ಳುತ್ತಿದೆ, ಅಷ್ಟೆ. ಇದಕ್ಕೆ ದೊಡ್ಡವರು ಮಾಡಬಹುದಾದ ಸುಲಭ ಕೆಲಸವೊಂದಿದೆ: ಅತಿಥಿಗಳು ಬಂದ ದಿನವೇ ಅವರು ಹೋಗುವ ತಾರೀಖನ್ನೂ ಹೇಳುವುದು. ತರಗತಿಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೊಂದು ಗುರುತು ಹಾಕಿದರೆ ಒಂದನೇ ತರಗತಿಯ ಮಗುವಿಗೂ ಅರ್ಥವಾಗುತ್ತದೆ. ಅಗಲಿಕೆ ಮಕ್ಕಳಿಗೆ ಅಷ್ಟು ಕಷ್ಟವಲ್ಲ. ಬೆಳಗ್ಗೆ ಎದ್ದು ನೋಡಿದರೆ ಅಕ್ಕ ಇಲ್ಲ ಎಂಬುದು ಕಷ್ಟ.

ಈ ತಾರೀಖುಗಳನ್ನು ಗೊತ್ತು ಮಾಡುವವರು ಇಲ್ಲಿಯವರಲ್ಲ ಎಂಬುದನ್ನೂ ನೋಡಬೇಕು. ಅಮೆರಿಕದ ಕಾಲೇಜುಗಳಿಗೆ ಬೇಸಿಗೆ ರಜೆ ಎಂದರೆ ಜೂನ್, ಜುಲೈ, ಆಗಸ್ಟ್. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ರೈತನಿಗೆ ಅದೇ ಮೈಮುರಿಯುವ ಕಾಲ. ಮುಂಗಾರಿನಲ್ಲಿ ನಾಟಿ ಮಾಡಿದ ಗಿಡದ ಎಲೆ ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿಗೆ ಏರಿಸಿ, ರಾತ್ರಿಯೆಲ್ಲ ಎದ್ದು ಬೆಂಕಿ ನೋಡಿಕೊಳ್ಳಬೇಕು. ಬಿಸಿ ಹೆಚ್ಚು ಕಡಿಮೆಯಾದರೆ ಎಲೆಯ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ಹರಾಜಿನಲ್ಲಿ ಬೆಲೆ ಬೀಳುತ್ತದೆ. ಕೆ.ಆರ್. ನಗರದ ಕಡೆ ನಾಲೆಗೆ ನೀರು ಬಿಟ್ಟರೆ ಭತ್ತದ ನಾಟಿ. ಇಂಥ ದಿನದಲ್ಲಿ ಬೆಳಗ್ಗೆ 11ಕ್ಕೆ ಸಮುದಾಯ ಭವನದಲ್ಲಿ ಬೀಳ್ಕೊಡುಗೆ ಎಂದರೆ ಬರುವವರು ಯಾರು? ಪಂಚಾಯ್ತಿ ಅಧ್ಯಕ್ಷರು, ಮೇಷ್ಟ್ರು, ಸಾಲಾಗಿ ಕೂರಿಸಿದ ಮಕ್ಕಳು. ಅತಿಥಿಗೆ ದಿನಾ ಮುದ್ದೆ ಕಟ್ಟಿ ಹಾಕಿದ ತಾಯಿ ಸೊಪ್ಪು ಕಟ್ಟುತ್ತಾ ಕುಳಿತಿರುತ್ತಾಳೆ.

ತಿಳಿದ ತಂಡಗಳು ವೇದಿಕೆಯ ಕಾರ್ಯಕ್ರಮವನ್ನು ಅರ್ಧ ಗಂಟೆಗೆ ಮುಗಿಸಿ, ಉಳಿದ ಹೊತ್ತಿನಲ್ಲಿ ಮನೆಮನೆಗೆ, ಹೊಲಕ್ಕೆ, ಬ್ಯಾರನ್ನಿನ ಬಾಗಿಲಿಗೆ ಹೋಗಿ ಹೇಳಿ ಬರುತ್ತವೆ. ಪಕ್ಕದಲ್ಲಿ ಕೂತು ನಾಲ್ಕು ಕಡ್ಡಿ ಕಟ್ಟುವುದಕ್ಕೆ ಕೈ ಜೋಡಿಸಿದರೆ ಯಾವ ಭಾಷಣವೂ ಬೇಡ. ಆ ತಾಯಿಯೇ ಕೈ ಒರೆಸಿಕೊಂಡು ಎದ್ದು ಬಂದು ಕುಂಕುಮ ಇಡುತ್ತಾಳೆ, ಎಲೆ ಅಡಿಕೆ ಬಾಳೆಹಣ್ಣು ಕೊಡುತ್ತಾಳೆ. ಹೆಣ್ಣುಮಗಳಾದರೆ ರವಿಕೆ ಕಣವೂ ಉಂಟು.

(ಕೊಡುವ ಕೈಗೆ ಒಂದು ಕಿವಿಮಾತು: ಒಣಕೊಬ್ಬರಿ ಕೊಡಬೇಡಿ. ಅದು ಬೇಗ ಹೊತ್ತಿಕೊಳ್ಳುವ ವಸ್ತುವೆಂದು ವಿಮಾನದಲ್ಲಿ ಬಿಡುವುದಿಲ್ಲ, ಪ್ರೀತಿಯಿಂದ ಕೊಟ್ಟದ್ದು ದೇವನಹಳ್ಳಿಯ ನಿಲ್ದಾಣದ ಕಸದ ತೊಟ್ಟಿಗೆ ಹೋಗುತ್ತದೆ. ಹಸಿ ಹಣ್ಣನ್ನು ಆಚೆ ಕಡೆಯ ಸುಂಕದವರು ಕಿತ್ತುಕೊಳ್ಳುತ್ತಾರೆ. ಬಾಳೆಹಣ್ಣನ್ನು ದಾರಿಯಲ್ಲೇ ತಿನ್ನಲು ಹೇಳುವುದು ವಾಸಿ.)

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಬಂದರೆ ಬೀಳ್ಕೊಡುವ ರೀತಿಯೇ ಬೇರೆ. ಟಿಬೆಟಿನಿಂದ ಬಂದವರಿಗೆ 1960ರ ದಶಕದ ಆರಂಭದಲ್ಲಿ ಅಂದಿನ ಮೈಸೂರು ಸರ್ಕಾರ ಕೊಟ್ಟ ಜಾಗ ಇದು. ಹುಣಸೂರಿನ ಗುರುಪುರದಲ್ಲೂ ಅವರ ನೆಲೆ ಇದೆ. ಇಲ್ಲಿ ಹೊರಡುವವರ ಕೊರಳಿಗೆ 'ಖತಾ' ಎಂಬ ಬಿಳಿಯ ಶಾಲು ಹಾಕುತ್ತಾರೆ. ಅವರ ಭಾಷೆಯಲ್ಲಿ ಬೀಳ್ಕೊಳ್ಳುವ ಮಾತು ಒಂದಲ್ಲ, ಎರಡು. ಉಳಿಯುವವರು ಹೋಗುವವರಿಗೆ 'ಕಲೆ ಫೇ' ಎನ್ನುತ್ತಾರೆ, ನಿಧಾನವಾಗಿ ಹೋಗಿ ಎಂದು. ಹೋಗುವವರು ಉಳಿಯುವವರಿಗೆ 'ಕಲೆ ಶು' ಎನ್ನುತ್ತಾರೆ, ನಿಧಾನವಾಗಿ ಇರಿ ಎಂದು. ಉಳಿಯುವವರನ್ನೂ ವಿಚಾರಿಸಿಕೊಳ್ಳುವ ಈ ಎರಡನೆಯ ಮಾತು ಬಹಳ ಹಿತವಾದದ್ದು. ಬರುತ್ತೇನೆಂಬ ಭರವಸೆ ಅದರಲ್ಲಿಲ್ಲ. ದಲಾಯಿ ಲಾಮಾ 1959ರಲ್ಲಿ ಲಾಸಾ ಬಿಟ್ಟ ಮೇಲೆ ಅವರ ಹಿಂದೆ ಬಂದವರಲ್ಲಿ ಬೇಗ ಮರಳುತ್ತೇವೆಂದೇ ಗಡಿ ದಾಟಿದವರು ಎಷ್ಟೋ ಮಂದಿ. ಅವರ ಮೊಮ್ಮಕ್ಕಳು ಇಂದು ಪಿರಿಯಾಪಟ್ಟಣದ ಸಂತೆಯಲ್ಲಿ ಚೌಕಾಸಿ ಮಾಡುವಷ್ಟು ಕನ್ನಡ ಬಲ್ಲರು.

ಬೈಲಕುಪ್ಪೆಗೆ ಬರುವ ವಿದೇಶಿ ತಂಡಗಳಿಗೆ ಇನ್ನೊಂದು ಕಟ್ಟುಪಾಡು ಇದೆ. ಕೇಂದ್ರ ಗೃಹ ಖಾತೆಯ ವಿಶೇಷ ಪರವಾನಗಿ ಇಲ್ಲದೆ ವಿದೇಶಿಯರು ಶಿಬಿರದಲ್ಲಿ ರಾತ್ರಿ ಉಳಿಯುವಂತಿಲ್ಲ. ಆ ಪರವಾನಗಿಗೆ ತಿಂಗಳುಗಳ ಮೊದಲೇ ಅರ್ಜಿ ಹಾಕಬೇಕು. ಇದು ಗೊತ್ತಿಲ್ಲದ ತಂಡ 'ಕೊನೆಯ ರಾತ್ರಿ ಗೆಳೆಯರ ಜೊತೆ' ಎಂದು ಯೋಜನೆ ಹಾಕಿಕೊಂಡು, ಸಂಜೆಯ ಹೊತ್ತಿಗೆ ಅವಸರದಲ್ಲಿ ಎದ್ದು ಪಕ್ಕದ ಕುಶಾಲನಗರಕ್ಕೆ ಹೊರಡಬೇಕಾಗುತ್ತದೆ. ಹೇಳಬೇಕಾದ ಮಾತೆಲ್ಲ ಗಂಟಲಲ್ಲೇ ಉಳಿಯುತ್ತದೆ. ಇಂಥ ಕಡೆ ಊಟದ ಹೊತ್ತಿಗೇ ಬೀಳ್ಕೊಡುಗೆ ಇಟ್ಟುಕೊಂಡರೆ ಸಂಜೆಯತನಕ ಸಮಾಧಾನವಾಗಿ ಕೂತು ಮಾತಾಡಬಹುದು.

ಫೋಟೋಗಳ ವಿಷಯಕ್ಕೆ ಬರೋಣ. ಕೊನೆಯ ದಿನ ಮುರಿದು ಹೋಗುವ ಮಾತುಗಳಲ್ಲಿ 'ಮತ್ತೆ ಬರ್ತೀನಿ' ಮೊದಲನೆಯದಾದರೆ, 'ಫೋಟೋ ಕಳಿಸ್ತೀನಿ' ಎರಡನೆಯದು. ಹಿಂದೆ ರೀಲು ತೊಳೆಸಿ, ಲಕೋಟೆಗೆ ಹಾಕಿ ಕಳಿಸಬೇಕಿತ್ತು, ತಡವಾದರೆ ಕ್ಷಮಿಸಬಹುದಿತ್ತು. ಈಗ ಬೀಳ್ಕೊಡುಗೆಯ ದಿನವೇ ವಾಟ್ಸ್‌ಆ್ಯಪ್ ಗುಂಪು ಶುರುವಾಗುತ್ತದೆ. ಎರಡು ವಾರ ಗುಂಪಿನಲ್ಲಿ ಜಾತ್ರೆ, ಆಮೇಲೆ ದೀಪಾವಳಿಗೊಂದು ದೀಪದ ಚಿತ್ರ. ಆ ಗುಂಪಿನಲ್ಲಿ ಇರುವವರು ಫೋನಿರುವ ಮೇಷ್ಟ್ರೇ ಹೊರತು, ಫೋಟೋದಲ್ಲಿರುವ ಮಗುವಲ್ಲ! ಹುಣಸೂರಿನಲ್ಲೋ ಕೋಟೆಯಲ್ಲೋ ಇರುವ ಸ್ಟುಡಿಯೋಗೆ ಹೊರಡುವ ಮುಂಚಿನ ದಿನ ಹೋಗಿ, ಮಗುವಿಗೊಂದರಂತೆ ಪ್ರಿಂಟ್ ಹಾಕಿಸಿ ಕೈಗೆ ಕೊಟ್ಟು ಹೋದರೆ ಈ ಒಂದು ಮಾತು ಉಳಿಯುತ್ತದೆ. ಖರ್ಚು ದೊಡ್ಡದಲ್ಲ. ಹಾಡಿಯ ಮನೆಯ ಗೋಡೆಯ ಮೇಲೆ ಆ ಫೋಟೋ ವರ್ಷಗಟ್ಟಲೆ ಇರುತ್ತದೆ.

ಉಡುಗೊರೆಯಲ್ಲೂ ಇದೇ ಎಚ್ಚರ ಬೇಕು. ಹೊರಡುವಾಗ ಒಬ್ಬನಿಗೆ ಬೂಟು, ಒಬ್ಬಳಿಗೆ ಕೈಗಡಿಯಾರ ಕೊಟ್ಟರೆ ಜೀಪು ತಿರುವು ದಾಟುವ ಮೊದಲೇ ಜಗಳ ಶುರು. ಶಾಲೆಗೊಂದು ಫುಟ್‌ಬಾಲ್, ಒಂದು ದೊಡ್ಡ ಭೂಪಟ ಎಲ್ಲರದ್ದೂ ಆಗುತ್ತದೆ. ಭೂಪಟದಲ್ಲಿ ಅವರ ಊರನ್ನು ಹುಡುಕಿ ಬೆರಳಿಡುವುದಂತೂ ಮಕ್ಕಳಿಗೆ ಮುಗಿಯದ ಆಟ.

ಇತ್ತ ಅತಿಥಿಗಳನ್ನು ಮನೆಯಲ್ಲಿಟ್ಟುಕೊಂಡ ಅಥವಾ ಮಗನನ್ನೋ ಮಗಳನ್ನೋ ಇಂಥ ತಂಡದಲ್ಲಿ ಹೊರದೇಶಕ್ಕೆ ಕಳುಹಿಸಿದ ತಂದೆ ತಾಯಂದಿರಿಗೆ ಬೇರೆಯೇ ಚಿಂತೆ. ಪ್ರವಾಸ ಮುಗಿಸಿ ಬಂದ ಮಗ ಮೂರು ದಿನವಾದರೂ ಸರಿಯಾಗಿ ಮಾತಾಡುವುದಿಲ್ಲ, ಅಮ್ಮನ ಸಾರು ರುಚಿಸುವುದಿಲ್ಲ, ಫೋನು ಬಿಟ್ಟು ಏಳುವುದಿಲ್ಲ. 'ಹದಿನೈದು ದಿನಕ್ಕೇ ದೊಡ್ಡ ಸಾಹೇಬನಾಗಿಬಿಟ್ಟೆಯಾ?' ಎಂದು ಅಪ್ಪ ಗದರುತ್ತಾರೆ. ಇದು ಜಂಬವಲ್ಲ. ಪರದೇಶಕ್ಕೆ ಹೋದವರ ಮನಸ್ಸು ಮೊದಲು ಏರಿ, ನಡುವೆ ಇಳಿದು, ಮತ್ತೆ ಏರುತ್ತದೆ ಎಂಬುದನ್ನು ನಾರ್ವೆಯಿಂದ ಅಮೆರಿಕಕ್ಕೆ ಹೋಗಿದ್ದ ಫುಲ್‌ಬ್ರೈಟ್ ವಿದ್ವಾಂಸರನ್ನು ಮಾತನಾಡಿಸಿ ಲಿಸ್‌ಗಾರ್ಡ್ ಎಂಬುವರು 1955ರಲ್ಲಿ ಬರೆದರು. ಊರಿಗೆ ಮರಳಿದ ಮೇಲೂ ಇದೇ ಇಳಿತ ಇನ್ನೊಮ್ಮೆ ಬರುತ್ತದೆ ಎಂದು 1963ರಲ್ಲಿ ಗುಲ್ಲಾಹಾರ್ನ್ ದಂಪತಿ ತೋರಿಸಿದರು. ಎಲ್ಲರಿಗೂ ಹೀಗೇ ಆಗಬೇಕೆಂದಿಲ್ಲ. ಆಗುವವರಿಗೆ ಬೇಕಾದದ್ದು ಬೈಗುಳವಲ್ಲ, ಕೇಳುವ ಕಿವಿ. 'ಹೇಗಿತ್ತು?' ಎಂದರೆ 'ಚೆನ್ನಾಗಿತ್ತು' ಎಂಬ ಒಂದೇ ಮಾತಿನ ಉತ್ತರ ಬರುತ್ತದೆ. 'ಆ ಮನೆಯಲ್ಲಿ ಬೆಳಗ್ಗೆ ಏನು ತಿಂತಿದ್ರಿ? ಹೊರಡುವಾಗ ಅವರಮ್ಮ ಏನಂದ್ರು?' ಎಂದು ಕೇಳಿ ನೋಡಿ. ರಾತ್ರಿ ಊಟ ಮುಗಿಯುವವರೆಗೂ ಮಾತು ಮುಗಿಯುವುದಿಲ್ಲ.

ಮನೆಗೆ ಬಂದಿದ್ದ ಅತಿಥಿ ಹೋದ ಮೇಲೆ ಇಲ್ಲಿಯ ಮಗು ಮಂಕಾಗುವುದೂ ಇದೇ ಕಾರಣಕ್ಕೆ. ಅದಕ್ಕೆ 'ಮುಂದಿನ ವರ್ಷ ಬರ್ತಾಳೆ ಬಿಡು' ಎಂದು ಸಮಾಧಾನ ಹೇಳುವವರೇ ಹೆಚ್ಚು. ಗೊತ್ತಿಲ್ಲದ ಮೇಲೆ ಹಾಗೆ ಹೇಳಬಾರದು. 'ಬರ್ತಾಳೋ ಇಲ್ಲವೋ ಗೊತ್ತಿಲ್ಲ ಕಂದ, ನಾವೊಂದು ಕಾಗದ ಬರೆಯೋಣ' ಎಂದರೆ ಮಗು ಅದನ್ನು ತಡೆದುಕೊಳ್ಳುತ್ತದೆ.

ಕಾಗದದ ಮಾತು ಸುಮ್ಮನೆ ಬಂದದ್ದಲ್ಲ. ಸಂಸ್ಥೆಗಳೂ ಶಾಶ್ವತವಲ್ಲ. ರೋಟರಿಯ ಆ ಯೋಜನೆ 2013ಕ್ಕೆ ನಿಂತಿತು. ರ‍್ಯಾಲಿ ಇಂಟರ್‌ನ್ಯಾಷನಲ್ 2022ರ ಮೇ ತಿಂಗಳಲ್ಲಿ ಹಣವಿಲ್ಲದೆ ಬಾಗಿಲು ಹಾಕಿತು. ಹೆಸರನ್ನು ಆಮೇಲೆ ಬೇರೊಂದು ಸಂಸ್ಥೆ ವಹಿಸಿಕೊಂಡಿತೆನ್ನಿ. ಆದರೆ ಕೋಟೆಯ ಹಳ್ಳಿಯೊಂದರ ಹುಡುಗ 'ನಮ್ಮ ಮನೆಯ ಗೋಬರ್ ಗ್ಯಾಸ್ ಗುಂಡಿ ತೋಡಿದ ಅಣ್ಣ ಎಲ್ಲಿದ್ದಾನೆ' ಎಂದು ಕೇಳಿದರೆ ಹೇಳುವ ಕಚೇರಿ ಯಾವುದು? ತಂಡದ ಪಟ್ಟಿ, ಇಮೇಲ್, ಗುಂಪಿನ ಹೆಸರು ಎಲ್ಲ ಸಂಸ್ಥೆಯ ಜೊತೆಗೇ ಹೋಗುತ್ತವೆ. ಉಳಿಯುವುದು ಅವರವರು ಬರೆದಿಟ್ಟುಕೊಂಡ ವಿಳಾಸ.

ಆದ್ದರಿಂದ ಬೀಳ್ಕೊಡುಗೆಯ ಕಾರ್ಯಕ್ರಮದಲ್ಲಿ ಹಾಡಿನ ಸಂಖ್ಯೆ ಒಂದು ಕಡಿಮೆ ಮಾಡಿ, ಆ ಹೊತ್ತಿಗೆ ಮಕ್ಕಳ ಕೈಗೆ ಅತಿಥಿಗಳ ಡೈರಿ ಕೊಡಬಹುದು. ಮಗು ತನ್ನ ಕೈಯಾರೆ ಕನ್ನಡದಲ್ಲಿ ಬರೆಯಲಿ: ತನ್ನ ಹೆಸರು, ಅಪ್ಪನ ಹೆಸರು, ಊರು, ಅಂಚೆ, ಹೋಬಳಿ. ಕೆಳಗೆ ಮೇಷ್ಟ್ರು ಇಂಗ್ಲಿಷಿನಲ್ಲಿ ಇನ್ನೊಮ್ಮೆ ಬರೆಯಲಿ. ಅತಿಥಿಯೂ ಮಗುವಿನ ನೋಟ್‌ಬುಕ್ಕಿನಲ್ಲಿ ತಂಡದ ವಿಳಾಸ ಬಿಟ್ಟು ತನ್ನ ಮನೆಯದನ್ನು ಬರೆಯಲಿ. ಹಳ್ಳಿಯಲ್ಲಿ ಮನೆ ನಂಬರು ಇಲ್ಲದಿದ್ದರೂ ಪರವಾಗಿಲ್ಲ, ಅಂಚೆಯಣ್ಣನಿಗೆ ಎಲ್ಲರೂ ಗೊತ್ತು. ಪಿನ್ ಕೋಡ್ ಮಾತ್ರ ಮರೆಯುವಂತಿಲ್ಲ: ಹುಣಸೂರು 571105, ಪಿರಿಯಾಪಟ್ಟಣ 571107, ಎಚ್.ಡಿ. ಕೋಟೆ 571114, ಕೆ.ಆರ್. ನಗರ 571602.